ಮಣ್ಣಿನ ಮಂಡಿಯೊಳಗೆ ಮೂರು ಅಂಗಡಿ: ನನ್ನ ಅನುಭವ

ಸಗಟು ವ್ಯಾಪಾರದ ನಮ್ಮ ಹಳೇ ಮಣ್ಣಿನ ಮಂಡಿಯನ್ನು ಕೆಡವದೆ ರಿಪೇರಿ ಮಾಡಿ ಅಂಗಡಿ ಮಾಡಿದ್ದನ್ನು ಎರಡು ಮಳೆಗಾಲ ದಾಟಿದ ಮೇಲೆ ಬರೆಯೋಣ ಎಂದು ಸುಮ್ಮನಿದ್ದೆ. ದಾಟಿತು. ಚಿಕ್ಕಮಗಳೂರಿನ ಎಂ.ಜಿ. ರಸ್ತೆಗೆ ಸೇರುವ ಅಡ್ಡರಸ್ತೆಯಲ್ಲಿರುವ ನಮ್ಮ ಹಳೇ ಮಂಡಿಯ ಗೋಡೆ ಈ ಸಲ ಜುಲೈ ಮಳೆಯಲ್ಲೂ ಒಣಗಿಯೇ ಇತ್ತು. ಒಳಗೆ ಮೂರು ಅಂಗಡಿ ನಡೆಯುತ್ತಿವೆ: ಒಂದು ಬಟ್ಟೆ, ಒಂದು ಕಾಫಿಪುಡಿ ಮತ್ತು ಮಸಾಲೆ, ಹಿಂದಿನದು ಚಪ್ಪಲಿ. ತಿಂಗಳಿಗೆ 70 ಸಾವಿರದ ಹತ್ತಿರ ಬಾಡಿಗೆ ಬರುತ್ತಿದೆ. ಇದನ್ನು ಕೆಡವದೆ ಗತಿಯಿಲ್ಲ ಎಂದವರಲ್ಲಿ ನಮ್ಮ ಅಣ್ಣ, ಇಬ್ಬರು ಎಂಜಿನಿಯರುಗಳು, ಸಾಲ ಕೇಳಲು ಹೋದ ಬ್ಯಾಂಕಿನವರು ಎಲ್ಲರೂ ಇದ್ದರು. ಈಗ ಅವರಲ್ಲಿ ಕೆಲವರು ಬಂದು ಗೋಡೆ ಮುಟ್ಟಿ ನೋಡಿ ಹೋಗಿದ್ದಾರೆ.

ಕಟ್ಟಡ ನಮ್ಮ ಕಡೆ ಎಲ್ಲರೂ ಕಂಡ ಮಾದರಿಯದೇ. ಮುಂದೆ ಜಗಲಿ ಮತ್ತು ಅಂಗಡಿ, ಹಿಂದೆ ತೊಟ್ಟಿ (ತೆರೆದ ಒಳ ಅಂಗಳ), ಮೇಲೆ ಮೂಟೆ ಇಡುವ ಅಟ್ಟ. ಕಾಡುಗಲ್ಲಿನ ತಳಪಾಯ, ಅದರ ಮೇಲೆ ಎರಡು ಅಡಿಗೆ ಸ್ವಲ್ಪ ಕಡಿಮೆ ದಪ್ಪದ ಮಣ್ಣಿನ ಗೋಡೆ, ಹೊನ್ನೆ ಮತ್ತು ಮತ್ತಿಯ ತೊಲೆ, ಮಂಗಳೂರು ಹಂಚು. ಅಜ್ಜ ಕಾಫಿ, ಮೆಣಸು, ಏಲಕ್ಕಿ ತೂಗುತ್ತಿದ್ದ ಜಾಗ. ಎಲ್ಲ ಸೇರಿ ಎರಡು ಸಾವಿರ ಚದರಡಿ ಇರಬಹುದು.

ಕೆಡವಿ ಮೂರು ಮಹಡಿ ಕಟ್ಟುವ ನಕ್ಷೆಯನ್ನೂ ಮಾಡಿಸಿದ್ದೆ. 1 ಕೋಟಿ 20 ಲಕ್ಷ ಆಗುತ್ತದೆ ಎಂದರು. ಅದಕ್ಕಿಂತ ಹೆಚ್ಚಾಗಿ ನನಗೆ ಹೊಟ್ಟೆ ಉರಿದದ್ದು ಮುಂಭಾಗ ನೋಡಿ. ವಾಹನಕ್ಕೆ, ಮೆಟ್ಟಿಲಿಗೆ ಜಾಗ ಬಿಟ್ಟ ಮೇಲೆ ರಸ್ತೆಗೆ ಉಳಿಯುತ್ತಿದ್ದದ್ದು ಒಂದೂವರೆ ಅಂಗಡಿಯ ಅಗಲ. ಪೇಟೆಯಲ್ಲಿ ವ್ಯಾಪಾರ ಆಗುವುದು ನೆಲಮಾಳಿಗೆಯಲ್ಲೂ ಅಲ್ಲ, ಎರಡನೇ ಮಹಡಿಯಲ್ಲೂ ಅಲ್ಲ, ರಸ್ತೆಗೆ ಮುಖ ಮಾಡಿದ ಬಾಗಿಲಲ್ಲಿ. ಆ ಬಾಗಿಲು ನಮ್ಮ ಹಳೇ ಮಂಡಿಗೆ ಪೂರ್ತಿ ಇತ್ತು.

ತೊಂದರೆ ಇದ್ದದ್ದು ತೇವದ್ದು. 80ರ ದಶಕದಲ್ಲಿ ಅಪ್ಪ ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಅಂದು ಎಲ್ಲರೂ ಮಾಡಿಸಿದ್ದೇ ಅದು. ಆಮೇಲೆ ಬಾಡಿಗೆಗಿದ್ದವರು ವಾಟರ್‌ಪ್ರೂಫ್ ಬಣ್ಣ ಬಳಿದರು, ಇನ್ನೊಬ್ಬರು ನಾಲ್ಕು ಅಡಿವರೆಗೆ ಟೈಲ್ಸ್ ಅಂಟಿಸಿದರು. ಬೆಂಗಳೂರಿನ ಒಂದು ಕಂಪನಿಯವರು ಗೋಡೆಗೆ ಸಾಲಾಗಿ ತೂತು ಕೊರೆದು ಕೆಮಿಕಲ್ ತುಂಬಿ ಒಂದೂವರೆ ಲಕ್ಷ ತೆಗೆದುಕೊಂಡು ಹೋದರು. ಪ್ರತಿ ಸಲವೂ ತೇವ ಒಂದು ಅಡಿ ಮೇಲಕ್ಕೆ ಹತ್ತಿತು, ಅಷ್ಟೆ. ಕೆಳಗೆ ಮುಚ್ಚಿದರೆ ಅದಕ್ಕೆ ಹೊರಬರಲು ಮೇಲೆ ತಾನೇ ಜಾಗ? ಟೈಲ್ಸ್ ಕಿತ್ತಾಗ ಹಿಂದಿನ ಮಣ್ಣು ಮುದ್ದೆ ಮುದ್ದೆಯಾಗಿ ಕೈಗೆ ಬಂತು. ಬಾಗಿಲ ಚೌಕಟ್ಟಿನ ಬುಡ ಹೊರಗಿನಿಂದ ಚೆನ್ನಾಗಿ ಬಣ್ಣ ಹೊಡೆದಂತಿತ್ತು, ಬೆರಳಿಟ್ಟರೆ ಒಳಗೆ ಹೋಯಿತು. ಪೂರ್ತಿ ಗೆದ್ದಲು.

ಕಡೂರು ಕಡೆಯ ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರನ್ನು ಕರೆತಂದೆ. ಅವರು ಗೋಡೆ ನೋಡಲೇ ಇಲ್ಲ, ಮೊದಲು ರಸ್ತೆಗೆ ಹೋಗಿ ನಿಂತರು. "ಗೌಡ್ರೇ, ನಿಮ್ ಜಗಲಿ ಎಲ್ಲಿ?" ಎಂದು ಕೇಳಿದರು. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಒಂದು ಅಡಿಗಿಂತ ಹೆಚ್ಚು ಎದ್ದಿತ್ತು. ಮೊದಲು ಎರಡು ಮೆಟ್ಟಿಲು ಹತ್ತಬೇಕಿದ್ದ ಜಗಲಿಗೆ ಈಗ ಅರ್ಧ ಮೆಟ್ಟಿಲೂ ಇಲ್ಲ. ಮಳೆ ನೀರು ನೇರ ತಳಪಾಯದ ಕಲ್ಲಿನ ಸಂದಿಗೆ ಇಳಿಯುತ್ತಿತ್ತು. ಅಷ್ಟು ವರ್ಷ ನಾವೆಲ್ಲ ಗೋಡೆಗೆ ಮದ್ದು ಮಾಡುತ್ತಿದ್ದೆವು.

ಹಾಗಾಗಿ ಮೊದಲ ದುಡ್ಡು ಹೋದದ್ದು ನೆಲದೊಳಗೆ. ಮುಂದೆ ಮತ್ತು ಪಕ್ಕದ ಓಣಿಯಲ್ಲಿ ತಳಪಾಯದ ಕಲ್ಲಿಗೆ ತಾಗದಂತೆ ಕಾಲುವೆ ತೋಡಿ, ತೂತಿನ ಪೈಪ್ ಹಾಕಿ, ಜಲ್ಲಿ ತುಂಬಿ, ಮೇಲೆ ತೆಗೆಯಲು ಬರುವ ಕಲ್ಲುಚಪ್ಪಡಿ ಮುಚ್ಚಿದೆವು. ಎರಡೂಕಾಲು ಲಕ್ಷ ಆಯಿತು. ನೋಡಲು ಏನೂ ಕಾಣುವುದಿಲ್ಲ, ಅಣ್ಣನಿಗೆ ಅದೇ ಸಿಟ್ಟು. ಆದರೆ ಈ ಕೆಲಸ ಮಾಡದೆ ಗಾರೆಗೆ ಕೈ ಹಾಕುವವರು ದುಡ್ಡನ್ನು ಚರಂಡಿಗೆ ಸುರಿದಂತೆ.

ಆಮೇಲೆ ಸಿಮೆಂಟ್ ಪೂರ್ತಿ ಕಿತ್ತೆವು. ಬ್ರೇಕರ್ ಮೆಷಿನ್ ಬೇಡವೇ ಬೇಡ, ಗೋಡೆ ಒಳಗೊಳಗೇ ಸಡಿಲವಾಗುತ್ತದೆ. ಉಳಿ ಸುತ್ತಿಗೆಯಲ್ಲೇ ಆಗಬೇಕು. ಕಿತ್ತ ಗೋಡೆಯನ್ನು ಬೇಸಿಗೆ ಪೂರ್ತಿ ಬೆತ್ತಲೆ ಬಿಟ್ಟೆ. ಒಂದು ಬಾಡಿಗೆಯೂ ಬರದ ಆ ತಿಂಗಳುಗಳೇ ಈ ಕೆಲಸದ ನಿಜವಾದ ಖರ್ಚು. ಗೋಡೆಯ ಮೈಮೇಲೆ ಬಿಳಿ ಉಪ್ಪು ಹೂವಿನಂತೆ ಅರಳುತ್ತಿತ್ತು, ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯುತ್ತಿದ್ದೆವು. ನೀರು ಹಾಕಿ ತೊಳೆದರೆ ಅದು ಮತ್ತೆ ಒಳಗೇ ಹೋಗುತ್ತದೆ.

ಕೊರೆದುಹೋದ ಕಡೆ ಹುತ್ತದ ಮಣ್ಣಿಗೆ ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ, ಚೆನ್ನಾಗಿ ಕೊಳೆಸಿ ತುಂಬಿದೆವು. ಅದರ ಮೇಲೆ ಸುಣ್ಣದ ಗಾರೆ. ಸುಣ್ಣ ಅರಳಿಸಿ ಗುಂಡಿಯಲ್ಲಿ ನೀರು ನಿಲ್ಲಿಸಿ ಇಟ್ಟದ್ದು ಹಳತಾದಷ್ಟೂ ಬೆಣ್ಣೆ. ನಾನು ಕೆಲಸ ಶುರುವಾಗುವ ಮೊದಲೇ ಗುಂಡಿ ಮಾಡಿಸಿಟ್ಟಿದ್ದೆ. ಮೊದಲ ಎರಡು ಪದರಕ್ಕೆ ಒಂದು ಸುಣ್ಣ, ಒಂದು ಸುರ್ಕಿ (ಸುಟ್ಟ ಇಟ್ಟಿಗೆ ಅಥವಾ ಹಂಚಿನ ಪುಡಿ), ಎರಡು ಮರಳು. ಸುರ್ಕಿಗೆ ನಮ್ಮದೇ ಛಾವಣಿಯ ಒಡೆದ ಹಂಚನ್ನು ಪುಡಿ ಮಾಡಿಸಿದೆ. ಮಂಗಳೂರು ಹಂಚು ಮಾತ್ರ ಆದರೆ ಬೆಂದದ್ದು ಜಾಸ್ತಿ, ಸುಣ್ಣದ ಜೊತೆ ಅಷ್ಟು ಹಿಡಿಯುವುದಿಲ್ಲ. ಹಿಂದಿನ ಕೊಟ್ಟಿಗೆಯಲ್ಲಿ ಬಿದ್ದಿದ್ದ ಮೆತ್ತನೆಯ ನಾಡಹಂಚು ಅರ್ಧಕ್ಕರ್ಧ ಬೆರೆಸಿದ ಮೇಲೆ ಸರಿಹೋಯಿತು. ಬೆಲ್ಲ ಮತ್ತು ಅಳಲೆಕಾಯಿ ನೀರು ಎಷ್ಟು, ಯಾವ ಪದರಕ್ಕೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಮೇಸ್ತ್ರಿಯ ಸೊತ್ತು, ನನಗೆ ಹೇಳಿಕೊಟ್ಟದ್ದೇ ದೊಡ್ಡದು. ಕೊನೆಯ ಪದರ ಹೊಳೆಯುವಂತೆ ಉಜ್ಜುವ ಕಲ್ಲು ಎಲ್ಲಿಯದು ಎಂಬುದೂ ಹಾಗೇ ಇರಲಿ.

ನಡುವೆ ಒಂದು ಪ್ರಯೋಗ ಮಾಡಿದೆ. ನಮ್ಮೂರಲ್ಲಿ ಕಾಫಿ ಹೊಟ್ಟಿಗೆ ಬರವಿಲ್ಲ. ಭತ್ತದ ಹೊಟ್ಟಿನ ಬೂದಿಯನ್ನು ಗಾರೆಗೆ ಹಾಕುತ್ತಾರಲ್ಲ, ಕಾಫಿ ಹೊಟ್ಟಿನ ಬೂದಿ ಯಾಕಾಗಬಾರದು ಎಂದು ತೊಟ್ಟಿಯ ಒಂದು ಗೋಡೆಗೆ ಸುರ್ಕಿಯ ಬದಲು ಅದನ್ನೇ ಬೆರೆಸಿದೆವು. ಬಣ್ಣ ಬಲು ಚೆಂದ ಬಂತು, ಬೂದುನೀಲಿ. ಗಟ್ಟಿಯೂ ಆಯಿತು. ಮೊದಲ ಮಳೆಗೆ ಗೋಡೆ ತುಂಬ ಉಪ್ಪು ಬಿಟ್ಟಿತು. ಆ ಬೂದಿಯಲ್ಲಿ ಪೊಟ್ಯಾಶ್ ಜಾಸ್ತಿ. ತೋಟಕ್ಕೆ ಗೊಬ್ಬರವಾಗಿ ಒಳ್ಳೆಯದಾದದ್ದು ಗೋಡೆಗೆ ಆಗಲಿಲ್ಲ. ತೊಳೆದು ಒಣಗಿಸಿದ ಬೂದಿಯಲ್ಲಿ ಇನ್ನೊಮ್ಮೆ ನೋಡಬೇಕೆಂದಿದೆ, ಒಂದು ಡ್ರಮ್ ತುಂಬಿಸಿಟ್ಟಿದ್ದೇನೆ.

ಗಾರೆಗೆ ದಸರಾ ಕಳೆದ ಮೇಲೆ ಕೈ ಹಾಕಿ. ಮಳೆಯಲ್ಲಿ ಹಿಡಿಯುವುದಿಲ್ಲ, ಜನವರಿಯ ಒಣಗಾಳಿಯಲ್ಲಿ ಬೇಗ ಒಣಗಿ ಕೂದಲೆಳೆ ಬಿರುಕು ಬಿಡುತ್ತದೆ. ಒದ್ದೆ ಗೋಣಿತಾಟು ಇಳಿಬಿಟ್ಟು ಹತ್ತು ಹನ್ನೆರಡು ದಿನ ಕಾಯ್ದುಕೊಳ್ಳಬೇಕು. ನಮ್ಮಲ್ಲಿ ಕಾಫಿ ಮೂಟೆಯ ಗೋಣಿಗೆ ಕೊರತೆಯಾಗಲಿಲ್ಲ.

ಈಗ ಅಂಗಡಿಯ ವಿಷಯ. ಗೋಡೆಗೆ ಹೊಸ ಭಾರ ಒಂದು ಕೆಜಿಯೂ ಬೀಳಬಾರದು ಎಂದು ನಾನು ಹಠ ಹಿಡಿದೆ, ಇಡೀ ಕೆಲಸ ಗೆದ್ದದ್ದು ಅದರಿಂದಲೇ. ಹಿಂದೆ ರೋಲಿಂಗ್ ಷಟರ್ ಪೆಟ್ಟಿಗೆಯನ್ನು ಬಾಗಿಲ ಮೇಲಿನ ತೊಲೆಗೆ ನೇತುಹಾಕಿದ್ದರು. ದಿನಕ್ಕೆರಡು ಸಲ ಅದು ಧಡಾರನೆ ಇಳಿದೇ ಮುಂಗೋಡೆ ಎರಡು ಮೂಲೆಗಳಲ್ಲಿ ಸೀಳಿತ್ತು. ನಾನು ಒಳಗೆ ಮೂರಿಂಚಿನ ಬಾಕ್ಸ್ ಸೆಕ್ಷನ್‌ನಲ್ಲಿ (ಒಳಗೆ ಟೊಳ್ಳಾದ ಚೌಕ ಕಬ್ಬಿಣ) ಒಂದು ಪ್ರತ್ಯೇಕ ಚೌಕಟ್ಟು ನಿಲ್ಲಿಸಿದೆ. ಗೋಡೆಯಿಂದ ಒಂದು ಗೇಣು ದೂರ, ಕಾಲಿನ ಕೆಳಗೆ ಗ್ರಾನೈಟ್ ತುಂಡು. ಶೆಲ್ಫ್, ದೀಪ, ಕ್ಯಾಮೆರಾ, ಒಳಗೇಟು, ಬೋರ್ಡು ಎಲ್ಲ ಅದರ ಮೇಲೇ. ವೈರು ಕೂಡ ಅದರ ಹೊಟ್ಟೆಯೊಳಗೇ ಓಡುತ್ತದೆ, ಗೋಡೆ ಕೊರೆಯಲಿಲ್ಲ. ನಾಳೆ ಬೋಲ್ಟ್ ಬಿಚ್ಚಿದರೆ ಅಂಗಡಿಯೇ ಎದ್ದು ಹೋಗುತ್ತದೆ, ಮಂಡಿ ಹಾಗೇ ಉಳಿಯುತ್ತದೆ. ಆ ಗೇಣು ಸಂದಿಗೆ ಇಲಿ ಸೇರುತ್ತದೆ ಎಂದು ಬಟ್ಟೆ ಅಂಗಡಿಯವರು ಹೆದರಿದರು. ಕೆಳಗೆ ಅರ್ಧ ಅಡಿ ಜಾಲರಿ ಹೊಡೆದೆವು, ಗಾಳಿ ಆಡುತ್ತದೆ, ಇಲಿ ಬರಲಿಲ್ಲ.

ಷಟರ್ ತೆಗೆದಾಗ ಹಿಂದೆ ಹಳೇ ಹಲಗೆ ಬಾಗಿಲಿನ ಗಾಡಿ (ಹಲಗೆ ಕೂರುವ ಜಾಡು) ಹಾಗೇ ಇತ್ತು. ಹಲಗೆಗಳು ಅಟ್ಟದಲ್ಲಿ ಸಿಕ್ಕವು, ಒಂದೊಂದರ ತಲೆಯಲ್ಲೂ ಉಳಿಯಿಂದ ಕೆತ್ತಿದ ೧, ೨, ೩. ಏಳನೆಯದು ಮಾತ್ರ ಇರಲಿಲ್ಲ, ಹಲಸಿನ ಹಲಗೆಯಲ್ಲಿ ಹೊಸದು ಮಾಡಿಸಿ ಅದಕ್ಕೂ ೭ ಕೆತ್ತಿಸಿದೆ. ಹಗಲು ಗಾಜು, ರಾತ್ರಿ ಹಲಗೆ, ಅದರ ಹಿಂದೆ ಕಬ್ಬಿಣದ ಗೇಟು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೋಗಿ ಬರುವ ಪ್ರವಾಸಿಗರು ಆ ಹಲಗೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡೇ ಒಳಗೆ ಬರುತ್ತಾರೆ. ಕಾಫಿಪುಡಿಯವರ ಶನಿವಾರ ಭಾನುವಾರದ ವ್ಯಾಪಾರ ಅದರಿಂದಲೇ ಎಂದು ಅವರೇ ಹೇಳುತ್ತಾರೆ.

ಶೆಲ್ಫಿಗೆ ತೋಟದ ಸಿಲ್ವರ್ ಓಕ್ ಬಳಸಿದೆ. ಅಗ್ಗ, ಆದರೆ ಹಸಿ ಹಲಗೆ ಹಾಕಿದ ಮೊದಲ ಸಾಲು ಬಿಲ್ಲಿನ ಹಾಗೆ ಬಾಗಿತು. ಒಂದು ವರ್ಷ ನೆರಳಲ್ಲಿ ಅಟ್ಟಿ ಹಾಕಿ ಒಣಗಿಸಿದ್ದು ನೆಟ್ಟಗೆ ನಿಂತಿದೆ.

ಛಾವಣಿಗೆ ಹೆಚ್ಚು ಹೇಳಬೇಕಿಲ್ಲ. ಗೋಡೆಯೊಳಗೆ ಹೂತ ತೊಲೆಯ ತುದಿಗಳಷ್ಟೇ ಕೊಳೆತಿದ್ದವು. ಅವನ್ನು ಓರೆಯಾಗಿ ಕತ್ತರಿಸಿ ಹಳೇ ಮರದ ತುಂಡನ್ನೇ ಬೋಲ್ಟ್ ಹಾಕಿ ಕೂರಿಸಿದೆವು. ಹಂಚು ಇಳಿಸುವಾಗ ಬೆನ್ನಿನ ಮೇಲಿನ ಹೆಸರು ನೋಡಿ ಬೇರೆ ಬೇರೆ ರಾಶಿ ಮಾಡಿಸಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಎಷ್ಟೋ ಕಾರ್ಖಾನೆ ಬಂದವು. ಒಬ್ಬರ ಹಂಚಿನ ಗಾಡಿಗೆ ಇನ್ನೊಬ್ಬರದು ಕೂರುವುದಿಲ್ಲ, ಸೋರುವುದು ಅಲ್ಲೇ. ಒಂದು ಇಳಿಜಾರಿಗೆ ಒಂದೇ ಹೆಸರಿನದು ಬರುವಂತೆ ಹೊದಿಸಿದೆ. ಚದರಕ್ಕೆ, ಅಂದರೆ ನೂರು ಚದರಡಿಗೆ, 140ರಿಂದ 150 ಹಂಚು ಹಿಡಿಯಿತು. ಸೂರಿನ ಮೂರು ಸಾಲನ್ನು ತಂತಿಯಲ್ಲಿ ಕಟ್ಟಿಸಿದೆ, ಮಂಗಗಳಿಗೆ. ಎಸಿ ಬೇಕೆಂದು ಬಟ್ಟೆಯವರು ಪಟ್ಟು ಹಿಡಿದಿದ್ದರು. ಸಾವಿರ ಮೀಟರಿಗೂ ಎತ್ತರದ ಊರಲ್ಲಿ, ಇಷ್ಟು ದಪ್ಪ ಗೋಡೆಯೊಳಗೆ ಎಸಿ ಯಾಕೆ? ತೊಟ್ಟಿಯ ಕಡೆ ಮುಚ್ಚಿದ್ದ ಗವಾಕ್ಷಿಗಳನ್ನು ತೆರೆಸಿ ಫ್ಯಾನ್ ಹಾಕಿಸಿದೆ. ಏಪ್ರಿಲ್ ದಾಟಿದ ಮೇಲೆ ಅವರು ಮತ್ತೆ ಕೇಳಲಿಲ್ಲ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಗಾರೆ, ಮಣ್ಣು, ಕೂಲಿ ಸೇರಿ 9 ಲಕ್ಷ; ಮರ ಮತ್ತು ಹಂಚು 8; ಕಬ್ಬಿಣದ ಚೌಕಟ್ಟು 6; ಕರೆಂಟು, ಥ್ರೀ ಫೇಸ್, ಶೌಚಾಲಯಕ್ಕೆ ನಾಲ್ಕೂವರೆ; ಗಾಜು ಹಲಗೆಗೆ 2; ಇತರೆ ಇನ್ನೊಂದು 2. ಚರಂಡಿಯೂ ಸೇರಿದರೆ 34 ಲಕ್ಷದ ಆಸುಪಾಸು. ಬ್ಯಾಂಕಿನವರು ಮಣ್ಣಿನ ಗೋಡೆಗೆ ಬೆಲೆಯೇ ಇಲ್ಲ ಎಂದು ಬರೆದುಕೊಟ್ಟರು, ಹಾಗಾಗಿ ಮೆಣಸು ಮಾರಿದ ದುಡ್ಡು, ಮನೆಯವರ ಚಿನ್ನ. ಮೊದಲು ಬರುತ್ತಿದ್ದ ಬಾಡಿಗೆ 18 ಸಾವಿರ. ಹೆಚ್ಚಾದದ್ದನ್ನಷ್ಟೇ ಹಿಡಿದರೂ ಐದೂವರೆ ವರ್ಷಕ್ಕೆ ಅಸಲು ಬರುತ್ತದೆ. ನಿಮಗೆ ಜಿಎಸ್‌ಟಿ ನೋಂದಣಿ ಇಲ್ಲದೆ ಬಾಡಿಗೆದಾರರಿಗೆ (ಕಾಂಪೊಸಿಷನ್ ಅಲ್ಲದ) ಮಾಮೂಲಿ ನೋಂದಣಿ ಇದ್ದರೆ, 2024ರ ಅಕ್ಟೋಬರ್‌ನಿಂದ ಬಾಡಿಗೆಯ ಮೇಲಿನ 18% ಅವರೇ ಕಟ್ಟಬೇಕು. ಮಾತುಕತೆಯ ದಿನವೇ ಹೇಳಿಬಿಡಿ, ಆಮೇಲೆ ಜಗಳ ಬೇಡ.

ಕರಾರುಪತ್ರದಲ್ಲಿ ಮೂರು ಮಾತು ಬರೆಸಿದ್ದೇನೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಪ್ಲಾಸ್ಟಿಕ್ ಪೇಂಟ್ ಬಳಿಯುವಂತಿಲ್ಲ, ದೀಪಾವಳಿಗೆ ಮೊದಲು ಸುಣ್ಣ ನಾನೇ ಬಳಿಸಿಕೊಡುತ್ತೇನೆ. ಮೇ ತಿಂಗಳಲ್ಲಿ ಒಂದು ದಿನ ಹಂಚು ನೋಡಲು ಮತ್ತು ಕಾಲುವೆಯ ಹೂಳು ತೆಗೆಯಲು ಅಂಗಡಿ ಬಿಟ್ಟುಕೊಡಬೇಕು. ಎರಡೂ ಕೆಲಸಕ್ಕೆ ವರ್ಷಕ್ಕೆ 25 ಸಾವಿರ ತೆಗೆದಿಡುತ್ತೇನೆ. ಚಪ್ಪಲಿ ಅಂಗಡಿಯವರು ಮೊಳೆಯ ಮಾತಿಗೆ ಸಹಿ ಹಾಕಲು ತಿಂಗಳುಗಟ್ಟಲೆ ಸತಾಯಿಸಿದರು. ಕೊನೆಗೆ ಕ್ಯಾಲೆಂಡರ್ ನೇತುಹಾಕಲು ಚೌಕಟ್ಟಿಗೆ ಒಂದು ಕೊಕ್ಕೆ ಬೆಸೆಸಿಕೊಟ್ಟೆ, ಸಹಿ ಹಾಕಿದರು.