ಅಕ್ವೇರಿಯಂ ಗಿಡಗಳಿಗೆ ಕಡಿಮೆ ಖರ್ಚಿನ ಬೆಳಕು: ಮನೆಯ ಎಲ್‌ಇಡಿಯೇ ಸಾಕು

ಅಕ್ವೇರಿಯಂನಲ್ಲಿ ಪ್ಲಾಸ್ಟಿಕ್ ಗಿಡ ತೆಗೆದು ನಿಜವಾದ ಗಿಡ ಬೆಳೆಸೋಣ ಅಂತ ಹೊರಟವರನ್ನು ಮೊದಲು ಹೆದರಿಸುವುದು ಲೈಟಿನ ಬೆಲೆ. ಡಬ್ಬಿಯ ಮೇಲೆ 'ಪ್ಲಾಂಟೆಡ್ ಟ್ಯಾಂಕ್' ಅಂತ ಎರಡು ಪದ ಬಿದ್ದರೆ ಸಾಕು, ಬೆಲೆ ಜಿಗಿಯುತ್ತದೆ. ಆದರೆ ಸುಲಭವಾಗಿ ಬೆಳೆಯುವ ಗಿಡಗಳಿಗೆ ಮನೆಯಲ್ಲಿ ಉರಿಸುವ ಬಿಳಿ ಎಲ್‌ಇಡಿ ಬಲ್ಬ್ ಅಥವಾ ಟ್ಯೂಬ್‌ಲೈಟ್ ಧಾರಾಳವಾಗಿ ಸಾಕು. ಉಳಿದ ದುಡ್ಡಲ್ಲಿ ಒಂದು ಟೈಮರ್ ಮತ್ತು ಇನ್ನೊಂದಿಷ್ಟು ಗಿಡ ತನ್ನಿ.

ಯಾಕೆ ಸಾಕು ಅಂದರೆ, ಗಿಡಗಳು ಬಳಸುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು. ನಮ್ಮ ಕಣ್ಣಿಗೆ ಕಾಣುವುದೂ ಹೆಚ್ಚುಕಡಿಮೆ ಅದೇ ಬೆಳಕು. ಬಿಳಿ ಎಲ್‌ಇಡಿಯೊಳಗೆ ನಿಜವಾಗಿ ಇರುವುದು ನೀಲಿ ಎಲ್‌ಇಡಿ. ಅದರ ಮೇಲೆ ಬಳಿದ ಫಾಸ್ಫರ್ ಅನ್ನುವ ಲೇಪ ಆ ನೀಲಿಯಲ್ಲಿ ಒಂದು ಪಾಲನ್ನು ಹಸಿರು, ಹಳದಿ, ಕೆಂಪಾಗಿ ಬದಲಾಯಿಸುತ್ತದೆ. ಎಲ್ಲ ಸೇರಿ ಬಿಳಿಯಾಗಿ ಕಾಣುತ್ತದೆ. ಅಂದರೆ ಗಿಡಕ್ಕೆ ಬೇಕಾದ ನೀಲಿಯೂ ಕೆಂಪೂ ಅದರಲ್ಲಿ ಆಗಲೇ ಇದೆ. ನೇರಳೆ ಬಣ್ಣದ 'ಗ್ರೋ ಲೈಟ್' ಕೊಳ್ಳಬೇಕಾದ ಅಗತ್ಯವೇ ಇಲ್ಲ. ಅದರಲ್ಲಿ ಗಿಡ ಬೆಳೆಯುವುದು ನಿಜ, ಆದರೆ ಆ ಬೆಳಕಲ್ಲಿ ಮೀನು, ಗಿಡ, ಮರಳು ಎಲ್ಲ ಒಂದೇ ಬಣ್ಣಕ್ಕೆ ತಿರುಗಿ ಟ್ಯಾಂಕ್ ನೋಡುವ ಖುಷಿಯೇ ಹೋಗುತ್ತದೆ.

ಮೊದಲು ಗಿಡ, ಆಮೇಲೆ ಲೈಟು

ಜಾಸ್ತಿ ಜನ ಲೈಟ್ ತಂದು ಆಮೇಲೆ ಗಿಡ ಹುಡುಕುತ್ತಾರೆ. ಇದನ್ನು ತಿರುಗಿಸಿ ಮಾಡಿ. ಜಾವಾ ಫರ್ನ್, ಅನೂಬಿಯಾಸ್, ಕ್ರಿಪ್ಟೊಕೊರೈನ್, ಜಾವಾ ಮಾಸ್ ಇವೆಲ್ಲ ನೆರಳಲ್ಲೂ ಬದುಕುವ ಗಿಡಗಳು, ಕಡಿಮೆ ಬೆಳಕು ಸಾಕು. ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ಹೈಗ್ರೋಫಿಲಾ ಸ್ವಲ್ಪ ಹೆಚ್ಚು ಬೆಳಕು ಕೊಟ್ಟರೆ ಚೆನ್ನಾಗಿ ಹಬ್ಬುತ್ತವೆ, ಕೊಡದಿದ್ದರೂ ಸಾಮಾನ್ಯವಾಗಿ ಸಾಯುವುದಿಲ್ಲ. ಕೆಂಪು ಎಲೆಯ ರೊಟಾಲಾ, ಲುಡ್ವಿಜಿಯಾ, ನೆಲಕ್ಕೆ ಹಾಸಿದಂತೆ ಬೆಳೆಯುವ ಮಾಂಟೆ ಕಾರ್ಲೊ ತರಹದವು ಬೇರೆ ಜಾತಿ. ಅವುಗಳಿಗೆ ಜೋರು ಬೆಳಕು ಬೇಕು, ಅದರ ಜೊತೆಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಗೊಬ್ಬರ, ವಾರ ವಾರ ಕತ್ತರಿಸುವ ಕೆಲಸ ಎಲ್ಲವೂ ಬರುತ್ತದೆ. ಖರ್ಚು ಕಡಿಮೆ ಇರಲಿ ಅನ್ನುವವರು ಮೊದಲ ಎರಡು ಗುಂಪಿನಲ್ಲೇ ಇರಿ. ಅಲ್ಲೇ ಸುಂದರವಾದ ಟ್ಯಾಂಕ್ ಮಾಡಬಹುದು.

ಎಷ್ಟು ಬೆಳಕು ಬೇಕು?

'ಒಂದು ಗ್ಯಾಲನ್ ನೀರಿಗೆ ಇಷ್ಟು ವ್ಯಾಟ್' ಅನ್ನುವ ಹಳೆಯ ಲೆಕ್ಕ ಇನ್ನೂ ಓಡಾಡುತ್ತಿದೆ. ಅದನ್ನು ಮರೆತುಬಿಡಿ. ಅದು ದಪ್ಪ ಫ್ಲೋರೆಸೆಂಟ್ ಟ್ಯೂಬುಗಳ ಕಾಲದ್ದು. ವ್ಯಾಟ್ ಅಂದರೆ ಲೈಟ್ ತಿನ್ನುವ ಕರೆಂಟು, ಕೊಡುವ ಬೆಳಕಲ್ಲ. ಎಲ್‌ಇಡಿಯಲ್ಲಿ ನೋಡಬೇಕಾದದ್ದು ಲುಮೆನ್, ಅಂದರೆ ಬಲ್ಬ್ ಕೊಡುವ ಬೆಳಕಿನ ಅಳತೆ. ಬಲ್ಬಿನ ಡಬ್ಬಿಯ ಮೇಲೆ ಸಾಮಾನ್ಯವಾಗಿ ಬರೆದಿರುತ್ತದೆ. '100 ವ್ಯಾಟ್ ಬಲ್ಬಿಗೆ ಸಮ' ಅಂತ ದೊಡ್ಡ ಅಕ್ಷರದಲ್ಲಿ ಇರುವುದನ್ನು ಬಿಟ್ಟು, ಮೂಲೆಯಲ್ಲಿ ಸಣ್ಣದಾಗಿ ಇರುವ ಲುಮೆನ್ ಓದಿ.

ಅಂದಾಜಿನ ಲೆಕ್ಕ ಹೀಗೆ: ಒಂದು ಲೀಟರ್ ನೀರಿಗೆ 10ರಿಂದ 20 ಲುಮೆನ್ ಇದ್ದರೆ ಕಡಿಮೆ ಬೆಳಕಿನ ಗಿಡಗಳಿಗೆ ಸಾಕು. 20ರಿಂದ 40 ಅಂದರೆ ಮಧ್ಯಮ. 40 ದಾಟಿದರೆ ಜೋರು ಬೆಳಕು, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಇಲ್ಲದೆ ಪಾಚಿಯ ಕಾಟ ತಪ್ಪಿಸುವುದು ಕಷ್ಟ.

60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಟ್ಯಾಂಕ್ ತೆಗೆದುಕೊಳ್ಳಿ. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ 54 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 45 ಲೀಟರ್ ಆಸುಪಾಸು. ಲೀಟರಿಗೆ 20ರಂತೆ 900 ಲುಮೆನ್. ಒಂದು 9 ಅಥವಾ 10 ವ್ಯಾಟಿನ ಎಲ್‌ಇಡಿ ಅಷ್ಟು ಕೊಡುತ್ತದೆ. ಅಷ್ಟೇ ಕಥೆ! ಆದರೆ ಇಲ್ಲೊಂದು ತೊಡಕಿದೆ. ಡಬ್ಬಿಯ ಮೇಲಿನ ಲುಮೆನ್ ಅಂದರೆ ಬಲ್ಬ್ ಎಲ್ಲ ದಿಕ್ಕಿಗೂ ಚೆಲ್ಲುವ ಬೆಳಕಿನ ಮೊತ್ತ. ಗೋಡೆಗೆ ಹೋದದ್ದು, ನಿಮ್ಮ ಕಣ್ಣಿಗೆ ಹೊಡೆದದ್ದು ಗಿಡಕ್ಕೆ ಲೆಕ್ಕವಿಲ್ಲ. ಹಾಗಾಗಿ ಬರಿಯ ಬಲ್ಬ್ ತೂಗುಹಾಕುವುದಾದರೆ ಲೆಕ್ಕಕ್ಕಿಂತ ಜಾಸ್ತಿ ಲುಮೆನ್ ಇಟ್ಟುಕೊಳ್ಳಿ, ಇಲ್ಲವೇ ಮೇಲೆ ರಿಫ್ಲೆಕ್ಟರ್ ಇರುವ ಹೋಲ್ಡರ್ ಹಾಕಿ.

ಟ್ಯಾಂಕಿನ ಆಳವನ್ನೂ ನೋಡಬೇಕು. ದೂರ ಹೋದಷ್ಟೂ ಬೆಳಕು ಹರಡಿ ತೆಳುವಾಗುತ್ತದೆ, ನೀರೂ ಒಂದಿಷ್ಟು ಹೀರುತ್ತದೆ. 30 ಸೆಂಟಿಮೀಟರ್ ಎತ್ತರದ ಟ್ಯಾಂಕಿಗೆ ಚೆನ್ನಾಗಿ ಒಗ್ಗಿದ ಲೈಟು 50 ಸೆಂಟಿಮೀಟರ್ ಆಳದಲ್ಲಿ ಸೋಲುತ್ತದೆ. ಹೊಸದಾಗಿ ಟ್ಯಾಂಕ್ ಕೊಳ್ಳುವವರು ಎತ್ತರದ್ದು ಬಿಟ್ಟು ಅಗಲದ್ದು ಕೊಳ್ಳಿ, ಲೈಟಿನ ಖರ್ಚು ಅಲ್ಲೇ ಉಳಿಯುತ್ತದೆ.

ಕೆಲ್ವಿನ್, ಅಂದರೆ ಬೆಳಕು ಹಳದಿಯೋ ಬಿಳಿಯೋ ಅಂತ ಹೇಳುವ ಸಂಖ್ಯೆ, ಅದರ ಬಗ್ಗೆ ತುಂಬ ತಲೆ ಕೆಡಿಸಿಕೊಳ್ಳಬೇಡಿ. 6500 ಕೆಲ್ವಿನ್ ಅಂದರೆ ಅಂಗಡಿಯವರು 'ಕೂಲ್ ಡೇಲೈಟ್' ಅನ್ನುವ ಬಿಳಿ. ಅದನ್ನು ತಂದರೆ ಸಾಕು. 3000ದ ಹಳದಿ ಬಲ್ಬಿನಲ್ಲೂ ಗಿಡ ಬೆಳೆಯುತ್ತದೆ, ನೀರು ಹಳದಿಯಾಗಿ ಕಾಣುತ್ತದೆ ಅಷ್ಟೆ. ಎರಡು ಬಲ್ಬ್ ಹಾಕುವವರು ಒಂದು 6500, ಒಂದು 4000 ಸೇರಿಸಿ ನೋಡಿ, ಕೆಂಪು ಮೀನುಗಳ ಬಣ್ಣ ಚೆನ್ನಾಗಿ ಎದ್ದು ಕಾಣುತ್ತದೆ.

ಯಾವುದನ್ನು ತರಬೇಕು

ನನ್ನ ಮೊದಲ ಆಯ್ಕೆ ಎಲ್‌ಇಡಿ ಬ್ಯಾಟನ್, ಅಂದರೆ ಗೋಡೆಗೆ ಹಾಕುವ ತೆಳು ಟ್ಯೂಬ್‌ಲೈಟು. ಎರಡಡಿಯದು ಹೆಚ್ಚುಕಡಿಮೆ 60 ಸೆಂಟಿಮೀಟರ್ ಇರುತ್ತದೆ. ಸಾಮಾನ್ಯ ಎರಡಡಿ ಟ್ಯಾಂಕಿನ ಮೇಲೆ ಸರಿಯಾಗಿ ಕೂರುತ್ತದೆ, ಬೆಳಕು ಒಂದು ತುದಿಯಿಂದ ಇನ್ನೊಂದು ತುದಿಗೆ ಸಮವಾಗಿ ಬೀಳುತ್ತದೆ. ಒಂದು ಹಾಕಿ ಶುರು ಮಾಡಿ, ಸಾಲದೆ ಹೋದರೆ ಪಕ್ಕದಲ್ಲಿ ಇನ್ನೊಂದು. ನಾಲ್ಕಡಿ ಟ್ಯಾಂಕಿಗೆ ನಾಲ್ಕಡಿಯದೇ ಸಿಗುತ್ತದೆ.

ಚಿಕ್ಕ ಟ್ಯಾಂಕ್ ಇದ್ದರೆ ಬ್ಯಾಟನ್ ಕೂಡ ಬೇಡ. ಕುತ್ತಿಗೆ ಬಗ್ಗಿಸಬಹುದಾದ ಓದುವ ಟೇಬಲ್ ಲ್ಯಾಂಪಿಗೆ ಒಂದು ಎಲ್‌ಇಡಿ ಬಲ್ಬ್ ಹಾಕಿ ಟ್ಯಾಂಕಿನ ಮೇಲೆ ತಿರುಗಿಸಿ. ಲ್ಯಾಂಪಿನ ಟೋಪಿಯೇ ರಿಫ್ಲೆಕ್ಟರ್ ಆಗುತ್ತದೆ. ಬೆಳಕು ಜಾಸ್ತಿಯಾದರೆ ಮೇಲಕ್ಕೆತ್ತಿ, ಕಡಿಮೆಯಾದರೆ ಕೆಳಗಿಳಿಸಿ. ಇಷ್ಟು ಸುಲಭವಾಗಿ ಬೆಳಕು ಹೊಂದಿಸುವ ಸೌಕರ್ಯ ಎಷ್ಟೋ ದುಬಾರಿ ಲೈಟಿನಲ್ಲೂ ಇಲ್ಲ.

ಆಳದ ಟ್ಯಾಂಕಿಗೆ ಎಲ್‌ಇಡಿ ಫ್ಲಡ್‌ಲೈಟು ಒಳ್ಳೆಯದು. ಅದು ಬೆಳಕನ್ನೆಲ್ಲ ಒಂದೇ ಕಡೆಗೆ ತಳ್ಳುತ್ತದೆ. ನೀರಿನಿಂದ ಒಂದಡಿ ಮೇಲೆ ತೂಗುಹಾಕಬಹುದು. ಐಪಿ65 ಅಂತ ಬರೆದದ್ದಾದರೆ ನೀರು ಸಿಡಿದರೂ ಚಿಂತೆಯಿಲ್ಲ. ನೀರಿನ ಮೇಲ್ಮೈ ಅಲುಗಿದಾಗ ತಳದಲ್ಲಿ ಬೆಳಕಿನ ಅಲೆ ಆಡುವುದೂ ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಇನ್ನು ಅಂಟಿಸುವ ಎಲ್‌ಇಡಿ ಸ್ಟ್ರಿಪ್. ಅಗ್ಗ ನಿಜ, 12 ವೋಲ್ಟ್ ಆದ್ದರಿಂದ ಶಾಕಿನ ಭಯವೂ ಕಡಿಮೆ. ಆದರೆ ಒಂದೇ ಒಂದು ಸಾಲು ಅಂಟಿಸಿದರೆ ಅದು ಅಲಂಕಾರಕ್ಕೆ ಮಾತ್ರ. ನಾಲ್ಕೈದು ಸಾಲು ಬೇಕು, ಶಾಖ ಹೋಗಲು ಅಲ್ಯೂಮಿನಿಯಂ ಪಟ್ಟಿ ಬೇಕು, ಸ್ಟ್ರಿಪ್ ಎಳೆಯುವುದಕ್ಕಿಂತ ಸ್ವಲ್ಪ ಹೆಚ್ಚು ವ್ಯಾಟಿನ ಅಡಾಪ್ಟರ್ ಬೇಕು. ಇಷ್ಟೆಲ್ಲ ಕೂಡಿಸುವ ಹೊತ್ತಿಗೆ ಬ್ಯಾಟನ್ನಿನ ಖರ್ಚಿಗಿಂತ ಕಡಿಮೆ ಏನೂ ಆಗಿರುವುದಿಲ್ಲ. ಕೈಕೆಲಸ ಇಷ್ಟ ಇರುವವರು ಮಾಡಿ.

ಕೂರಿಸುವಾಗ

ಇದನ್ನು ಮಾತ್ರ ಹಾರಿಸಿ ಓದಬೇಡಿ. ಮನೆಯ ಲೈಟುಗಳು ನೀರಿನ ಪಕ್ಕ ಇರಲಿ ಅಂತ ಮಾಡಿದವಲ್ಲ. ಬರಿಯ ಬಲ್ಬ್ ಆಗಲಿ, ಸಾಮಾನ್ಯ ಬ್ಯಾಟನ್ ಆಗಲಿ, ತೆರೆದ ನೀರಿನ ಮೇಲೆ ನೇರವಾಗಿ ಇಡಬೇಡಿ. ಮಧ್ಯೆ ಗಾಜಿನ ಮುಚ್ಚಳ ಇರಲಿ, ಲೈಟು ಜಾರಿ ಬೀಳದ ಹಾಗೆ ಗಟ್ಟಿಯಾಗಿ ಬಿಗಿದಿರಲಿ. ವೈರ್ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೇರಬೇಕು. ಆಗ ವೈರಿನ ಮೇಲೆ ಹರಿದ ನೀರು ಕೆಳಗೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಟ್ಯಾಂಕಿಗೆ ಕೈ ಹಾಕುವ ಮುಂಚೆ ಲೈಟು, ಹೀಟರ್, ಫಿಲ್ಟರ್ ಎಲ್ಲದರ ಪ್ಲಗ್ ತೆಗೆಯಿರಿ, ಸ್ವಿಚ್ ಆರಿಸಿದರೆ ಸಾಲದು. ಮನೆಯ ಲೈನಿನಲ್ಲಿ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ಲೈಟಲ್ಲಿ ಉಳಿಸಿದ ದುಡ್ಡನ್ನು ಖರ್ಚು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಗಾಳಿಯಾಡದ ಮುಚ್ಚಿದ ಹುಡ್ಡಿನೊಳಗೆ ಬಲ್ಬ್ ತುರುಕಿದರೆ ಬಿಸಿ ಮತ್ತು ಹಬೆಗೆ ಅದು ಬೇಗ ಹಾಳಾಗುತ್ತದೆ. ಗಾಜಿನ ಮುಚ್ಚಳದ ಮೇಲೆ ಗಡಸು ನೀರಿನ ಬಿಳಿ ಕಲೆ, ಒಳಗೆ ಪಾಚಿ ಕಟ್ಟಿಕೊಂಡರೆ ಬೆಳಕು ಅಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ಒರೆಸಿ. ಎಷ್ಟೋ ಸಲ 'ಲೈಟು ಮಂಕಾಗಿದೆ, ಬದಲಾಯಿಸಬೇಕು' ಅನ್ನುವ ದೂರಿಗೆ ಒಂದು ಒದ್ದೆ ಬಟ್ಟೆಯೇ ಪರಿಹಾರ.

ಎಷ್ಟು ಹೊತ್ತು ಉರಿಸಬೇಕು

ಹೊಸ ಟ್ಯಾಂಕಿಗೆ ದಿನಕ್ಕೆ 6 ಗಂಟೆ ಸಾಕು. ಗಿಡ ಬೇರೂರಿ ಹೊಸ ಎಲೆ ಬಿಡಲು ಶುರುವಾದ ಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಏರಿಸುತ್ತಾ 8ಕ್ಕೆ ತನ್ನಿ. ಅಲ್ಲಿಗೆ ನಿಲ್ಲಿಸಿ. ಬೆಳಕು ಮಂದವಿದೆ ಅಂತ 12 ಗಂಟೆ ಉರಿಸಿದರೆ ಲಾಭ ಗಿಡಕ್ಕಿಂತ ಪಾಚಿಗೇ ಹೆಚ್ಚು.

ಒಂದು ಸಾದಾ ಟೈಮರ್ ಪ್ಲಗ್ ತರಲೇಬೇಕು. ಕೈಯಲ್ಲಿ ಹಾಕಿ ಆರಿಸುವವರು ಒಂದು ದಿನ 5 ಗಂಟೆ, ಒಂದು ದಿನ 11 ಗಂಟೆ ಮಾಡುತ್ತಾರೆ, ಸುಮ್ನೆ ಪಾಚಿಯನ್ನು ಕರೆದ ಹಾಗೆ. ಹಗಲಿಡೀ ಮನೆಯಲ್ಲಿ ಯಾರೂ ಇರುವುದಿಲ್ಲವಾ? ಮಧ್ಯಾಹ್ನ 3ಕ್ಕೆ ಹತ್ತಿ ರಾತ್ರಿ 9ಕ್ಕೆ ಆರುವಂತೆ ಇಡಿ. ಗಿಡಕ್ಕೆ ಗಡಿಯಾರದ ಹಂಗಿಲ್ಲ, ನೀವು ಮನೆಯಲ್ಲಿರುವಾಗ ಟ್ಯಾಂಕ್ ಬೆಳಗಿದರೆ ನೋಡಲಿಕ್ಕಾದರೂ ಆಗುತ್ತದೆ ಅಲ್ವಾ. ರಾತ್ರಿ ಮಾತ್ರ ಪೂರ್ತಿ ಕತ್ತಲಿರಲಿ, ಮೀನುಗಳಿಗೂ ವಿಶ್ರಾಂತಿ ಬೇಕು.

ಉಚಿತ ಬೆಳಕು ಅಂತ ಟ್ಯಾಂಕನ್ನು ಕಿಟಕಿಯ ಬಿಸಿಲಿಗೆ ಇಡುವ ಆಸೆ ಬರುತ್ತದೆ. ನೇರ ಬಿಸಿಲು ಬಿದ್ದರೆ ನೀರು ಬಿಸಿಯಾಗುತ್ತದೆ, ಇಡೀ ನೀರೇ ಹಸಿರಾಗಬಹುದು. ಬೆಳಕನ್ನು ಬೇಕಾದಂತೆ ಏರಿಸುವ, ಇಳಿಸುವ ಅಧಿಕಾರವೂ ನಿಮ್ಮ ಕೈಯಲ್ಲಿರುವುದಿಲ್ಲ.

ಗಿಡ ಏನು ಹೇಳುತ್ತಿದೆ

ಬೆಳಕು, ಕಾರ್ಬನ್ ಡೈಆಕ್ಸೈಡ್, ಗೊಬ್ಬರ ಮೂರೂ ಒಟ್ಟಿಗೆ ನಡೆಯಬೇಕು. ಬೆಳಕನ್ನು ಮಾತ್ರ ಏರಿಸುವುದು ಪಾತ್ರೆಗೆ ನೀರು ಹಾಕದೆ ಒಲೆಯ ಉರಿ ಹೆಚ್ಚಿಸಿದ ಹಾಗೆ. ಅದಕ್ಕೇ ಯಾವ ಬದಲಾವಣೆ ಮಾಡಿದರೂ ಒಂದೊಂದಾಗಿ ಮಾಡಿ, ಎರಡು ವಾರ ಕಾದು ನೋಡಿ.

ಕಾಂಡದ ಗಿಡ ಎಲೆಗಳ ನಡುವೆ ಉದ್ದುದ್ದ ಖಾಲಿ ಬಿಟ್ಟು ಮೇಲಕ್ಕೆ ಓಡುತ್ತಿದ್ದರೆ, ಕೆಳಗಿನ ಎಲೆ ಉದುರುತ್ತಿದ್ದರೆ, ಬೆಳಕು ಸಾಲುತ್ತಿಲ್ಲ. ಲೈಟು ಕೆಳಗಿಳಿಸಿ ಅಥವಾ ಇನ್ನೊಂದು ಸೇರಿಸಿ. ಗಾಜು ಎರಡು ಮೂರು ದಿನಕ್ಕೇ ಹಸಿರಾಗುತ್ತಿದ್ದರೆ, ಅನೂಬಿಯಾಸ್ ಎಲೆಯ ಮೇಲೆ ಹಸಿರು ಚುಕ್ಕೆ ಕೂರುತ್ತಿದ್ದರೆ, ಬೆಳಕು ಜಾಸ್ತಿ ಆಗಿರುವ ಸಾಧ್ಯತೆಯೇ ಹೆಚ್ಚು. ಒಂದು ಗಂಟೆ ಕಡಿಮೆ ಮಾಡಿ, ಇಲ್ಲವೇ ಮೇಲೆ ತೇಲುವ ಗಿಡ ಬಿಟ್ಟು ನೆರಳು ಮಾಡಿ. ಹೊಸ ಟ್ಯಾಂಕಿನಲ್ಲಿ ಕಂದು ಬಣ್ಣದ ಧೂಳಿನಂಥ ಪಾಚಿ ಬಂದರೆ ಗಾಬರಿ ಬೇಡ, ಒರೆಸಿ ಬಿಡಿ, ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಲೈಟಿನ ತಪ್ಪಲ್ಲದ್ದನ್ನು ಲೈಟಿನ ತಲೆಗೆ ಕಟ್ಟುವುದೂ ಉಂಟು. ಕ್ರಿಪ್ಟೊಕೊರೈನ್ ಜಾಗ ಬದಲಾದ ಕೂಡಲೇ ಎಲೆಯೆಲ್ಲ ಕರಗಿಸಿಕೊಂಡು ಬೋಳಾಗುತ್ತದೆ. ಬೇರನ್ನು ಕೀಳಬೇಡಿ, ಮತ್ತೆ ಚಿಗುರುತ್ತದೆ. ನರ್ಸರಿಯಲ್ಲಿ ನೀರಿನ ಹೊರಗೆ ಬೆಳೆದು ಬಂದ ಗಿಡಗಳ ಹಳೆಯ ಎಲೆ ಟ್ಯಾಂಕಿಗೆ ಬಂದ ಮೇಲೆ ಕೊಳೆಯುವುದು ಸಹಜ, ನೋಡಬೇಕಾದದ್ದು ಹೊಸ ಎಲೆಯನ್ನು. ಜಾವಾ ಫರ್ನ್ ಮತ್ತು ಅನೂಬಿಯಾಸ್‌ನ ದಪ್ಪ ಕಾಂಡವನ್ನು ಮರಳಲ್ಲಿ ಹೂತರೆ ಅದು ಕೊಳೆಯುತ್ತದೆ, ಎಷ್ಟು ಬೆಳಕು ಕೊಟ್ಟರೂ ಅಷ್ಟೆ. ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಿ.

ಅಳತೆ ಬೇಕೇ ಬೇಕು ಅನ್ನುವವರು ಫೋನಿಗೆ ಒಂದು ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಮೀಟರ್ ಆ್ಯಪ್ ಹಾಕಿಕೊಳ್ಳಿ. ನೀರು ತುಂಬುವ ಮೊದಲು ಖಾಲಿ ಟ್ಯಾಂಕಿನ ತಳದಲ್ಲಿ ಫೋನ್ ಇಟ್ಟು ಮಧ್ಯೆ ಎಷ್ಟು, ಮೂಲೆಗಳಲ್ಲಿ ಎಷ್ಟು ಅಂತ ನೋಡಿ. ಬಿಳಿ ಎಲ್‌ಇಡಿಯಾದರೆ ಲಕ್ಸ್ ಅನ್ನು 70ರಿಂದ ಭಾಗಿಸಿದಾಗ ಗಿಡ ಬಳಸುವ ಬೆಳಕನ್ನೇ ಅಳೆಯುವ ದುಬಾರಿ ಪಾರ್ ಮೀಟರ್ ಕೊಡುವ ಸಂಖ್ಯೆಗೆ ಹತ್ತಿರದ ಅಂದಾಜು ಸಿಗುತ್ತದೆ. 2100 ಲಕ್ಸ್ ಬಂದರೆ 30, ಸುಲಭದ ಗಿಡಗಳಿಗೆ ಆರಾಮಾಗಿ ಸಾಕು. ಫೋನಿನ ಸೆನ್ಸರ್ ಅಷ್ಟೇನೂ ನಿಖರವಲ್ಲ, ಆದರೆ ಮಧ್ಯೆ 3000 ಇದ್ದು ಮೂಲೆಯಲ್ಲಿ 700 ಇದೆ ಅನ್ನುವುದನ್ನು ಚೆನ್ನಾಗಿ ತೋರಿಸುತ್ತದೆ. ಆ ಮೂಲೆಗೆ ಅನೂಬಿಯಾಸ್ ಇಡಿ, ಮಧ್ಯಕ್ಕೆ ಹೈಗ್ರೋಫಿಲಾ.