ಗ್ಲೆನ್ ಟಿಲ್ಟ್‌ನಲ್ಲಿ ಸೈಕಲ್: ಏರಿಗಿಂತ ನೀರಿನ ಲೆಕ್ಕ ಮುಖ್ಯ

ಸ್ಕಾಟ್ಲೆಂಡಿನ ಕಣಿವೆಗಳಲ್ಲಿ ಮೌಂಟನ್ ಬೈಕ್ ಓಡಿಸಲು ಹೊರಡುವವರು ಏರು ಎಷ್ಟಿದೆ ಎಂದು ವಿಚಾರಿಸುತ್ತಾರೆ. ನಾನು ಮೊದಲು ನೋಡುವುದು ಹಿಂದಿನ ಎರಡು ದಿನ ಎಷ್ಟು ಮಳೆಯಾಗಿದೆ ಎಂಬುದನ್ನು. ಬ್ಲೇರ್ ಅಥೋಲ್‌ನಿಂದ ಗ್ಲೆನ್ ಟಿಲ್ಟ್ ಕಣಿವೆಯ ಮೂಲಕ ಲಿನ್ ಆಫ್ ಡೀ ತಲುಪುವ ಹಾದಿ ಸುಮಾರು 35 ಕಿಲೋಮೀಟರ್ ಉದ್ದವಿದ್ದು, ಅತಿ ಎತ್ತರದ ಜಾಗವೂ ಸುಮಾರು 500 ಮೀಟರನ್ನು ಮೀರುವುದಿಲ್ಲ. ಏರಿನ ಮಟ್ಟಿಗೆ ಇದು ಸಾಧುವಾದ ದಾರಿ. ಸತಾಯಿಸುವುದು ನೀರು.

ಸೈಕಲ್ಲಿನ ಸಿದ್ಧತೆಯನ್ನೂ ನಾನು ಅದಕ್ಕೆ ತಕ್ಕಂತೆಯೇ ಮಾಡಿಕೊಳ್ಳುತ್ತೇನೆ. ಹಾದಿಯ ಮೇಲೆ ಹರಿಯುವ ನೀರನ್ನು ಪಕ್ಕಕ್ಕೆ ತಿರುಗಿಸಲು ಅಲ್ಲಲ್ಲಿ ಕಲ್ಲು ನಿಲ್ಲಿಸಿ ಅಡ್ಡಚರಂಡಿಗಳನ್ನು ಮಾಡಿರುತ್ತಾರೆ. ವೇಗವಾಗಿ ಬಂದ ಚಕ್ರ ಆ ಕಲ್ಲಿನ ಅಂಚಿಗೆ ಬಡಿದರೆ, ಒಳಗಿನ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ತೂತಾಗುತ್ತದೆ. ಆದ್ದರಿಂದ ನಾನು 2.4 ಇಂಚಿನ ಟ್ಯೂಬ್‌ಲೆಸ್ ಟಯರ್‌ಗಳನ್ನು ಹಾಕಿಕೊಂಡು, ಹಿಂದಿನದಕ್ಕೆ 25 ಪಿಎಸ್‌ಐ ಆಸುಪಾಸಿನಲ್ಲಿ, ಮುಂದಿನದಕ್ಕೆ ಅದಕ್ಕಿಂತ ತುಸು ಕಡಿಮೆ ಗಾಳಿ ತುಂಬಿಸುತ್ತೇನೆ. ಚರಂಡಿಯನ್ನು ಓರೆಯಾಗಿ ದಾಟುವುದಿಲ್ಲ. ನೇರವಾಗಿ ಎದುರಿಸಿ, ಮುಂದಿನ ಚಕ್ರವನ್ನು ಎತ್ತಿ ದಾಟಿಸಿದ ಕೂಡಲೇ ಮೈಭಾರವನ್ನು ಮುಂದಕ್ಕೆ ತಂದರೆ ಹಿಂದಿನ ಚಕ್ರ ತಾನಾಗಿ ಹಗುರವಾಗಿ ಹಿಂಬಾಲಿಸುತ್ತದೆ. ಕಾಡಿನೊಳಗಿನ ಒದ್ದೆ ಬೇರುಗಳಿಗೂ ಇದೇ ನಿಯಮ, ಜೊತೆಗೆ ಬೇರಿನ ಮೇಲಿರುವಾಗ ಬ್ರೇಕ್ ಮುಟ್ಟಬಾರದು.

ಸ್ತರಭಂಗವೊಂದರ, ಅಂದರೆ ನೆಲದ ಬಂಡೆಗಳು ಬಿರಿದು ಸರಿದ ಸೀಳಿನ, ಗುಂಟ ಕೊರೆದುಕೊಂಡಿರುವುದರಿಂದ ಈ ಕಣಿವೆ ಬಹುದೂರ ನೆಟ್ಟಗೆ ಸಾಗುತ್ತದೆ. ಗ್ರಾನೈಟ್ ಒಂದು ಕಾಲಕ್ಕೆ ಕರಗಿದ ದ್ರವವಾಗಿತ್ತು ಎಂಬುದಕ್ಕೆ ಭೂವಿಜ್ಞಾನಿ ಜೇಮ್ಸ್ ಹಟ್ಟನ್ 1785ರಲ್ಲಿ ಸಾಕ್ಷ್ಯ ಕಂಡುಕೊಂಡದ್ದೂ ಇಲ್ಲಿಯೇ. ಬಂಡೆಗಳಲ್ಲಿ ಆಸಕ್ತಿಯಿದ್ದವರು ಹೊಳೆಯತ್ತ ಇಳಿದು ನೋಡಬಹುದು. ಫಾರೆಸ್ಟ್ ಲಾಡ್ಜ್‌ವರೆಗೆ ವಾಹನ ಓಡುವ ಕಚ್ಚಾರಸ್ತೆಯಿದ್ದು, ಅಲ್ಲಿಯ ತನಕ ಹೇಳುವಂಥದ್ದೇನೂ ಇಲ್ಲ. ಮುಂದೆ ಹಾದಿ ಕಿರಿದಾಗುತ್ತದೆ: ಎಡಕ್ಕೆ ಹೆದರ್ ಪೊದೆಗಳ ಗುಡ್ಡ, ಬಲಕ್ಕೆ ಕಡಿದಾದ ಇಳಿಜಾರು, ಕೆಳಗೆ ಟಿಲ್ಟ್ ಹೊಳೆ. ಇಲ್ಲಿ ಎಡಗಾಲಿನ ಪೆಡಲ್ ಗುಡ್ಡದ ಮಗ್ಗುಲಿಗೆ ತಗುಲಿದರೆ ಸೈಕಲ್ ಹೊಳೆಯ ಕಡೆಗೇ ವಾಲುತ್ತದೆ; ಆದುದರಿಂದ ಪೆಡಲ್ ತುಳಿಯದೆ ಸಾಗುವಲ್ಲೆಲ್ಲ ಎಡಗಾಲನ್ನು ಮೇಲಿಟ್ಟುಕೊಂಡಿರುತ್ತೇನೆ, ತೀರ ಕಿರಿದಾದ ಕಡೆ ಸಂಕೋಚವಿಲ್ಲದೆ ಇಳಿದು ನಡೆಯುತ್ತೇನೆ.

ಟಾರ್ಫ್ ಹಳ್ಳ ಟಿಲ್ಟ್ ಹೊಳೆಯನ್ನು ಸೇರುವಲ್ಲಿ ಬೆಡ್‌ಫರ್ಡ್ ಸೇತುವೆಯಿದೆ. 1879ರಲ್ಲಿ ಇಲ್ಲೇ ಸಮೀಪ ಮುಳುಗಿ ತೀರಿಕೊಂಡ 18 ವರ್ಷದ ಯುವಕನ ನೆನಪಿಗೆ ಅದನ್ನು 1886ರಲ್ಲಿ ಕಟ್ಟಲಾಯಿತು. ಮುಂದಿನ ಗೆಲ್ಡಿ ಹಳ್ಳವನ್ನು ಹಾದಿ ದಾಟುವಲ್ಲಿ ಸೇತುವೆಯಿಲ್ಲ. ಪೀಟ್ ಮಣ್ಣಿನಿಂದ (ಜೌಗಿನಲ್ಲಿ ಅರೆಕೊಳೆತ ಸಸ್ಯಗಳ ಮಣ್ಣು) ಕಂದುಬಣ್ಣಕ್ಕೆ ತಿರುಗಿದ ನೀರಿನಲ್ಲಿ ತಳದ ಕಲ್ಲು ಕಾಣಿಸದ ಕಾರಣ, ಸವಾರಿ ಮಾಡಿಕೊಂಡೇ ದಾಟುವ ಉತ್ಸಾಹ ನನಗಿಲ್ಲ. ಬೂಟು ಕಳಚದೆ, ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ, ಸೈಕಲ್ಲನ್ನು ಹರಿವಿನ ಕೆಳಮಗ್ಗುಲಿಗೆ ಹಿಡಿದು ನಡೆಯುತ್ತೇನೆ. ಮೇಲ್ಮಗ್ಗುಲಿಗೆ ಹಿಡಿದರೆ ಹರಿವು ಅದನ್ನು ನಮ್ಮ ಮೇಲೆಯೇ ನೂಕುತ್ತದೆ. ನೀರು ಮೊಣಕಾಲು ಮೀರಿದರೆ ದಾಟುವುದಿಲ್ಲ. ದಾಟಿದ ಮೇಲೆ ಡಿಸ್ಕ್ ಬ್ರೇಕನ್ನು ಎರಡು ಮೂರು ಸಲ ಒತ್ತಿ ಒಣಗಿಸಿಕೊಂಡು, ಚೈನಿಗೆ ಎಣ್ಣೆ ಬಿಡುತ್ತೇನೆ.

2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಇಲ್ಲಿ ಖಾಸಗಿ ಎಸ್ಟೇಟುಗಳ ಹಾದಿಗಳಲ್ಲೂ ಸೈಕಲ್ ಓಡಿಸುವ ಹಕ್ಕಿದೆ, ಆದರೆ ಅದು ಜವಾಬ್ದಾರಿಯಿಂದ ನಡೆದುಕೊಳ್ಳುವವರಿಗೆ ಮಾತ್ರ. ತೆರೆದಿದ್ದ ಗೇಟು ತೆರೆದೇ, ಮುಚ್ಚಿದ್ದು ಮುಚ್ಚಿಯೇ ಇರಬೇಕು. ಕೆಸರನ್ನು ತಪ್ಪಿಸಲು ಪಕ್ಕದ ಹುಲ್ಲಿನಲ್ಲಿ ಹೊಸ ಜಾಡು ಮಾಡುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟ ಚಾಳಿ. ಆಗಸ್ಟ್‌ನಿಂದ ಅಕ್ಟೋಬರ್ 20ರವರೆಗೆ ಜಿಂಕೆ ಬೇಟೆ ಬಿರುಸಾಗಿರುವುದರಿಂದ, ಆ ದಿನಗಳಲ್ಲಿ ಎಸ್ಟೇಟಿನ ಸೂಚನಾ ಫಲಕಗಳನ್ನು ಓದಿಯೇ ಮುಂದುವರಿಯಬೇಕು.

ಬ್ಲೇರ್ ಅಥೋಲ್‌ನಲ್ಲಿ ರೈಲು ನಿಲ್ದಾಣವಿದೆ, ಲಿನ್ ಆಫ್ ಡೀಯಲ್ಲಿ ಇಲ್ಲ. ಹಾಗಾಗಿ ಗೆಲ್ಡಿಯಿಂದ ಹಿಂದಿರುಗಬೇಕಾಗಿ ಬಂದರೂ ಕತ್ತಲಾಗುವುದರೊಳಗೆ ನಿಲ್ದಾಣ ಸೇರುವಷ್ಟು ಸಮಯ ಉಳಿಯುವಂತೆ ನಾನು ಬೆಳಗ್ಗೆ ಬೇಗ ಹೊರಡುತ್ತೇನೆ.