ಪದ್ಮಿನಿ ಕಾರ್ಬುರೇಟರ್ ಲೀಕ್ ನಾನೇ ನಿಲ್ಸಿದ್ದು – ನನ್ನ ಅನುಭವ

ನಮ್ಮನೇಲಿ ಅಪ್ಪ ತಗೊಂಡಿದ್ದ 1984ರ ಪ್ರೀಮಿಯರ್ ಪದ್ಮಿನಿ ಕಾರಿದೆ, 1089 ಸಿಸಿ ಇಂಜಿನ್ನು, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಪೆಟ್ರೋಲ್ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋಕೆ ಸೋಲೆಕ್ಸ್ ಕಂಪನಿ ಕಾರ್ಬುರೇಟರ್. ಹೋದ ಮಳೆಗಾಲದಿಂದ ಶೆಡ್ ಬಾಗ್ಲು ತೆಗೆದ್ರೆ ಸಾಕು ಪೆಟ್ರೋಲ್ ವಾಸನೆ ಮೂಗಿಗೆ ಹೊಡೀತಿತ್ತು, ಬಿಸಿ ಗಾಡಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದ್ರೆ ಸ್ಟಾರ್ಟೇ ಆಗ್ತಿರ್ಲಿಲ್ಲ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ್ರೆ ನಾಲ್ಕೂ ಕಾಡಿಗೆ ಹಚ್ಚಿದಂಗೆ ಕಪ್ಪು.

ಮೆಕ್ಯಾನಿಕ್ ಹತ್ರ ಎರಡು ಸಲ ಬಿಟ್ಟೆ. ಎರಡು ಸಲಾನೂ ಗ್ಯಾಸ್ಕೆಟ್ (ಜಾಯಿಂಟ್ ಸೋರದಂಗೆ ಮಧ್ಯ ಹಾಕೋ ತೆಳು ಹಾಳೆ) ಬದಲಾಯ್ಸಿ ಸುತ್ತ ಪೇಸ್ಟ್ ಮೆತ್ತಿ ಕೊಟ್ರು, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಪೆಟ್ರೋಲ್ ಸೋರೋದು ಎಣ್ಣೆ ಸೋರಿದಂಗಲ್ಲ, ಬಿಸಿ ಪೈಪ್ ಮೇಲೆ ಬಿದ್ರೆ ಗಾಡಿ ಜೊತೆ ಮನೇನೂ ಹೋಗತ್ತೆ. ಮಕ್ಕಳನ್ನ ಕೂರಿಸ್ಕೊಂಡು ಓಡಾಡೋ ಗಾಡಿ ಅದು, ನಂಗೆ ನಿದ್ದೆ ಬರ್ತಿರ್ಲಿಲ್ಲ.

ಒಂದು ಭಾನುವಾರ ಗಾಡೀನ ಅಂಗಳಕ್ಕೆ ತಳ್ಳಿ ನಾನೇ ಕೂತೆ. ಎಲ್ಲಿಂದ ಸೋರ್ತಿದೆ ಅಂತ ಮೊದಲು ಗೊತ್ತಾಗ್ಬೇಕು, ಯಾಕಂದ್ರೆ ಪೆಟ್ರೋಲ್ ಹರಿದು ಕೆಳಗೆಲ್ಲೋ ತೊಟ್ಟಿಕ್ಕತ್ತೆ, ನಾವು ಆ ಜಾಗಾನ ಬೈತಾ ಕೂರ್ತೀವಿ. ಕಾರ್ಬುರೇಟರ್ ಹೊರಮೈ ಪೂರ್ತಿ ಒರೆಸಿ ಒಣಗಿಸಿ, ಏರ್ ಫಿಲ್ಟರ್ ಹಾಗೇ ಬಿಟ್ಟು, ಮುಖಕ್ಕೆ ಹಚ್ಚೋ ಪೌಡರ್ ತೆಳ್ಳಗೆ ಬ್ರಷ್ಷಲ್ಲಿ ಹೊರಗಡೆ ಸವರಿದೆ. ಇಂಜಿನ್ ಎರಡು ನಿಮಿಷ ಓಡಿಸಿ ಆಫ್ ಮಾಡಿ ಟಾರ್ಚ್ ಬಿಟ್ಟು ನೋಡ್ತೀನಿ, ಮೇಲಿನ ಮುಚ್ಚಳದ ಜಾಯಿಂಟಲ್ಲಿ ಒಂದೇ ಕಡೆ ಪೌಡರ್ ಕಪ್ಪಾಗಿ ಗೆರೆ ಇಳಿದಿದೆ! ಅಂದ್ರೆ ಕಾರ್ಬುರೇಟರ್ ಒಳಗೆ ಪೆಟ್ರೋಲ್ ನಿಲ್ಲೋ ಪುಟ್ಟ ತೊಟ್ಟಿ, ಫ್ಲೋಟ್ ಚೇಂಬರಲ್ಲಿ ಪೆಟ್ರೋಲ್ ತುಂಬಿ ಮೇಲೆ ಬರ್ತಿದೆ, ಗ್ಯಾಸ್ಕೆಟ್ ಎಷ್ಟು ಸಲ ಬದಲಾಯ್ಸಿದ್ರೂ ಅಷ್ಟೇ.

ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿ ವೈರ್ ತೆಗೆದು ಮುಚ್ಚಳ ಬಿಚ್ಚಿದೆ. ಪೆಟ್ರೋಲ್ ಮೇಲೆ ತೇಲೋ ಹಿತ್ತಾಳೆ ಬುರುಡೆ, ಅಂದ್ರೆ ಫ್ಲೋಟ್, ಕಿವಿ ಹತ್ರ ಅಲ್ಲಾಡ್ಸಿದ್ರೆ ಒಳಗೆ ಕುಲುಕೋ ಸದ್ದಿಲ್ಲ, ಬಿಸಿ ನೀರಲ್ಲಿ ಮುಳುಗ್ಸಿದ್ರೂ ಗುಳ್ಳೆ ಬರ್ಲಿಲ್ಲ, ಹಾಗಾಗಿ ಅದು ಸರಿ ಇದೆ. ಫ್ಲೋಟ್ ಮೇಲೆ ಬಂದಾಗ ಸೂಜಿ ಒತ್ತಿ ಪೆಟ್ರೋಲ್ ನಿಲ್ಸೋ ನೀಡಲ್ ವಾಲ್ವ್ ನೋಡಿದ್ರೆ ಸೂಜಿ ತುದೀಲಿ ಉಗುರಿಗೆ ಸಿಗೋ ಅಷ್ಟು ಸವೆದ ಉಂಗುರ. ತೊಳೆದು ಒಣಗಿಸಿ ಬೆರಳಲ್ಲಿ ಸೂಜಿ ಒತ್ತಿ ಹಿಡಿದು ಟ್ಯೂಬಲ್ಲಿ ಊದಿದೆ, ಗಾಳಿ ಸಲೀಸಾಗಿ ಹೋಗ್ತಿದೆ. ಕಳ್ಳ ಇವನೇ.

ಬೆಂಗಳೂರು ಜೆಸಿ ರೋಡಲ್ಲಿ ನಾಲ್ಕು ಅಂಗಡಿ ಅಲೆದು ನೀಡಲ್ ಸೆಟ್ ತಂದೆ. ಇಲ್ಲೊಂದು ತಪ್ಪು ಮಾಡ್ದೆ. ಸೆಟ್ ಜೊತೆ ಬಂದ ವಾಷರ್ ತೆಳ್ಳಗಿತ್ತು, ಅದನ್ನೇ ಹಾಕ್ಬಿಟ್ಟೆ, ಸ್ಟಾರ್ಟ್ ಮಾಡಿದ್ರೆ ಮತ್ತೆ ತುಂಬಿ ಬಂತು. ಈ ಕಾರ್ಬುರೇಟರಲ್ಲಿ ವಾಲ್ವ್ ಇರೋದು ಮುಚ್ಚಳದಲ್ಲಿ, ವಾಷರ್ ತೆಳ್ಳಗಾದ್ರೆ ವಾಲ್ವ್ ಮೇಲೆ ಹೋಗಿ ಕೂರತ್ತೆ, ಆಗ ಫ್ಲೋಟ್ ಇನ್ನೂ ಮೇಲೆ ಬಂದ್ಮೇಲೇ ಪೆಟ್ರೋಲ್ ನಿಲ್ಲೋದು. ಹಳೇ ವಾಷರ್ ಎಸೆದಿರ್ಲಿಲ್ಲ ಪುಣ್ಯಕ್ಕೆ, ವರ್ನಿಯರಲ್ಲಿ ಅಳೆದು ಅಷ್ಟೇ ದಪ್ಪದ್ದು ಹಾಕಿದ್ಮೇಲೆ ಲೆವೆಲ್ ಸರಿ ಬಂತು.

ಮುಚ್ಚಳಾನೂ ಸೊಟ್ಟಗಿತ್ತು, ಮೆತ್ತನೆ ಲೋಹ, ಸ್ಕ್ರೂ ಜಾಸ್ತಿ ಬಿಗಿದು ಬಿಗಿದು ಬಾಗಿರತ್ತೆ. ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ಎಂಟಿನ ಆಕಾರದಲ್ಲಿ ನಿಧಾನಕ್ಕೆ ಉಜ್ಜಿ ಮಟ್ಟ ಮಾಡ್ದೆ, ಆಮೇಲೆ ತೊಳೆದು ಪೆಟ್ರೋಲ್ ಹೋಗೋ ಸಣ್ಣ ತೂತಿನ ಜೆಟ್‌ಗೆಲ್ಲಾ ಗಾಳಿ ಹೊಡೆದೆ. ಹೊಸ ಗ್ಯಾಸ್ಕೆಟ್ ಒಣದೇ ಹಾಕ್ದೆ. ದಯವಿಟ್ಟು ಪೇಸ್ಟ್ ಹಚ್ಬೇಡಿ, ಚೂರು ಕಿತ್ಕೊಂಡು ಜೆಟ್ಟಲ್ಲಿ ಸಿಕ್ಕಾಕೊಳತ್ತೆ. ಸ್ಕ್ರೂ ಎದುರು ಬದುರು ಸ್ವಲ್ಪ ಸ್ವಲ್ಪ ಬಿಗೀಬೇಕು, ಮಣಿಕಟ್ಟಿನ ಬಲ ಸಾಕು. ಪಂಪ್ ಒಳಗಿನ ರಬ್ಬರ್ ಪರದೆ (ಡಯಾಫ್ರಮ್) ಕೂಡ ಹಪ್ಪಳದಂಗೆ ಗಟ್ಟಿಯಾಗಿತ್ತು, ಅದನ್ನೂ ಬದಲಾಯ್ಸಿದೆ. ಈಗ ಬರೋ 20 ಪರ್ಸೆಂಟ್ ಎಥನಾಲ್ ಪೆಟ್ರೋಲ್ ಹಳೇ ರಬ್ಬರ್‌ಗೆ ಆಗ್ಬರಲ್ಲ.

ರಾತ್ರಿ ಗಾಡಿ ಕೆಳಗೆ ನ್ಯೂಸ್ ಪೇಪರ್ ಹಾಸಿ ಮಲಗ್ದೆ, ಬೆಳಿಗ್ಗೆ ಎದ್ದು ಮೊದಲು ಹೋಗಿ ನೋಡಿದ್ದೇ ಅದನ್ನ, ಒಂದು ಹನಿ ಇಲ್ಲ. ಒಂದು ತಿಂಗಳಾದ್ಮೇಲೆ ಪ್ಲಗ್ ಬಿಚ್ಚಿದ್ರೆ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ, ಅಂದ್ರೆ ಪೆಟ್ರೋಲ್ ಹದವಾಗಿ ಉರೀತಿದೆ. ಇನ್ನು ಟ್ಯಾಂಕಿಂದ ಬರೋ ಹೋಸ್ ಎಥನಾಲ್ ತಡಿಯೋ ಅಂಥದ್ದು ಹಾಕೋದೊಂದು ಬಾಕಿ.